ಫೀಡ್ ಯಾಕೆ ಸುತ್ತುತ್ತಾ ಕೂರುತ್ತೆ? ನಿಮ್ಮ ಅಂಗಡಿ ಪೋಸ್ಟ್ ಯಾರಿಗೆ ತಲುಪ್ತಾ ಇಲ್ಲ? ಇಲ್ಲಿದೆ ಪೂರ್ತಿ ವಿವರ

ಕಳೆದ ತಿಂಗಳು ಬಸ್ ಸ್ಟ್ಯಾಂಡ್ ಹತ್ತಿರ ಟೀ ಕುಡೀತಾ ನಿಂತಿದ್ದೆ. ಪಕ್ಕದ ಅಂಗಡಿಯ ಅಣ್ಣ ನನ್ನ ಧ್ವನಿ ಗುರುತು ಹಿಡಿದು ಕರೆದರು. ಅವರಿಗೆ ಕೆಲವು ವರ್ಷಗಳಿಂದ ಎರಡೂ ಕಣ್ಣು ಕಾಣಲ್ಲ. ಚಿಕ್ಕ ಅಂಗಡಿ, ಜೊತೆಗೆ ಒಂದಿಷ್ಟು ತೆಂಗಿನ ತೋಟ. ಫೋನನ್ನು ನಮ್ಮನಿಮ್ಮಷ್ಟೇ ಬಳಸ್ತಾರೆ, ಆದರೆ ಕಿವಿಯಲ್ಲಿ.

"ಏನಪ್ಪಾ ರಿಪೋರ್ಟ್ರೇ, ದಿನಾ ಕೊಬ್ಬರಿ ರೇಟು ಹಾಕ್ತೀಯಂತೆ. ನಂಗೆ ಅದು ಬರೀ 'ಫೋಟೋ' ಅಂತ ಕೇಳ್ಸುತ್ತೆ ಕಣೋ. ಹೋದ ವಾರ ಮನೆ ಬಾಗಿಲಿಗೆ ಬಂದ ವ್ಯಾಪಾರಿ ಹೇಳಿದ ರೇಟಿಗೇ ಕೊಟ್ಟುಬಿಟ್ಟೆ. ಸಂಜೆ ಮಗ ಬಂದು ನಿನ್ನ ಫೋಟೋ ನೋಡಿ ಹೇಳ್ದ, ಕ್ವಿಂಟಾಲಿಗೆ ಎಂಟುನೂರು ಕಮ್ಮಿ ತಗೊಂಡಿದೀಯ ಅಂತ."

ನಂಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ರೇಟನ್ನ ನಾನು ಹಾಕೋದೇ ಒಂದು ಕಾರ್ಡ್ ಮಾಡಿ. ಹಸಿರು ಹಿನ್ನೆಲೆ, ಹಳದಿ ಅಕ್ಷರ, ಮೇಲೆ ನಮ್ಮ ಲೋಗೋ. ಚೆನ್ನಾಗಿ ಕಾಣುತ್ತೆ ಅಂತ ಖುಷಿಪಟ್ಟಿದ್ದೆ.

ಅದೇ ವಾರ ಕಿರಾಣಿ ಅಂಗಡಿ ಅಕ್ಕ ಒಬ್ಬರು ಇನ್ನೊಂದು ದೂರು ಹೇಳಿದರು. ಅವರದು ಹಳೇ 2 ಜಿಬಿ ರ್‍ಯಾಮ್ ಫೋನು. "ನಿಮ್ಮ ಸುದ್ದಿ ಸುತ್ತಿ ಸುತ್ತಿ ಓಪನ್ ಆಗೋಷ್ಟರಲ್ಲಿ ನಾಲ್ಕು ಜನ ಗಿರಾಕಿ ಬಂದು ಹೋಗಿರ್ತಾರೆ" ಅಂದರು. ಇಬ್ಬರ ಸಮಸ್ಯೆಗೂ ಮೂಲ ಅದೇ ಕಾರ್ಡು, ಅದೇ ಫೋಟೋ. ಬಿಸಿಎ ನಾಲ್ಕನೇ ಸೆಮಿಸ್ಟರ್‌ಗೇ ಬಿಟ್ಟು ಬಂದವನು ನಾನು, ದೊಡ್ಡ ಎಂಜಿನಿಯರ್ ಅಲ್ಲ. ಆದರೂ ಹತ್ತು ಹದಿನೈದು ದಿನ ಕೂತು ಓದಿ, ನನ್ನ ಫೋನಲ್ಲೇ ಪರೀಕ್ಷೆ ಮಾಡಿ ತಿಳ್ಕೊಂಡಿದ್ದನ್ನ ಇಲ್ಲಿ ಬರೀತಿದೀನಿ.

ಒಂದು ಫೋಟೋ ಎಷ್ಟು ಭಾರ?

ಫೀಡ್ ಅಂದರೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಶೇರ್‌ಚಾಟ್ ಇಂಥ ಆ್ಯಪ್ ತೆರೆದ ತಕ್ಷಣ ಒಂದರ ಕೆಳಗೆ ಒಂದು ಬರೋ ಪೋಸ್ಟ್‌ಗಳ ಸಾಲು. ಬೆರಳಲ್ಲಿ ಮೇಲಕ್ಕೆ ತಳ್ಳಿದಷ್ಟೂ ಬರ್ತಾನೇ ಇರುತ್ತೆ. ಆ್ಯಪ್ ಮೊದಲು ಸರ್ವರ್‌ಗೆ "ಏನೇನಿದೆ?" ಅಂತ ಕೇಳುತ್ತೆ. ಸರ್ವರ್ ಪಟ್ಟಿ ಕೊಡುತ್ತೆ. ಆಮೇಲೆ ಪ್ರತಿ ಪೋಸ್ಟಿನ ಅಕ್ಷರ, ಫೋಟೋ, ವಿಡಿಯೋ ಬೇರೆ ಬೇರೆಯಾಗಿ ಇಳಿದು ಬರುತ್ತೆ. ಅಕ್ಷರ ಓಡೋಡಿ ಬರುತ್ತೆ, ಫೋಟೋ ಕುಂಟ್ಕೊಂಡು ಬರುತ್ತೆ.

ಲೆಕ್ಕ ನೋಡಿ. ಈಗಿನ ಸಾಧಾರಣ ಫೋನಿನ 12 ಮೆಗಾಪಿಕ್ಸೆಲ್ ಫೋಟೋ ಅಂದರೆ 4000 ಅಡ್ಡ, 3000 ಉದ್ದ ಚುಕ್ಕಿ. ಫೈಲು ಸುಮಾರು 3 ಎಂಬಿ ಅನ್ಕೊಳ್ಳಿ. ಸಿಗ್ನಲ್ ಬಿದ್ದು ಫೋನಿನ ಮೇಲ್ಗಡೆ 'ಇ' ಅಂತ ತೋರಿಸ್ತಾ ಸೆಕೆಂಡಿಗೆ 100 ಕಿಲೋಬಿಟ್ ಸಿಗ್ತಿದೆ ಅಂದರೆ ಈ ಒಂದು ಫೋಟೋ ಇಳಿಯೋಕೆ 4 ನಿಮಿಷ ಬೇಕು. ಅದೇ ಫೋಟೋನ 100 ಕೆಬಿಗೆ ಕುಗ್ಗಿಸಿದ್ರೆ 8 ಸೆಕೆಂಡು ಸಾಕು.

ಇಳಿದ ಮೇಲೂ ಮುಗಿಯಲ್ಲ. ಫೈಲು ಒತ್ತಿ ಕಟ್ಟಿದ ಹುಲ್ಲಿನ ಪೆಂಡಿ ಥರ. ತೋರಿಸಬೇಕಾದ್ರೆ ಬಿಚ್ಚಿ ಹರಡಬೇಕು. ಒಂದು ಚುಕ್ಕಿಗೆ 4 ಬೈಟ್ ಲೆಕ್ಕದಲ್ಲಿ 4000 ಗುಣಿಸು 3000 ಅಂದರೆ 48 ಎಂಬಿ ಮೆಮೊರಿ. ಒಂದೇ ಫೋಟೋಗೆ! ಆದರೆ ಅಕ್ಕನ ಫೋನಿನ ಸ್ಕ್ರೀನ್ ಅಗಲ ಇರೋದೇ 720 ಚುಕ್ಕಿ. ಅದಕ್ಕೆ ಸರಿಯಾಗಿ ಕುಗ್ಗಿಸಿದರೆ ಒಂದೂವರೆ ಎಂಬಿಯಲ್ಲಿ ಕೆಲಸ ಮುಗಿಯುತ್ತೆ, ಕಣ್ಣಿಗೆ ಒಂಚೂರೂ ವ್ಯತ್ಯಾಸ ಕಾಣಲ್ಲ. ಹಳೇ ಫೋನಲ್ಲಿ ಆ್ಯಪ್ ಇದ್ದಕ್ಕಿದ್ದಂಗೆ ಮುಚ್ಚಿಕೊಳ್ಳೋದಕ್ಕೆ ಹೀಗೆ ಮೆಮೊರಿ ತುಂಬೋದು ಒಂದು ದೊಡ್ಡ ಕಾರಣ. ಜನ ಮಾತ್ರ "ಫೋನ್ ಹಳೇದಾಯ್ತು" ಅಂತ ಹೊಸದಕ್ಕೆ ಇಎಂಐ ಹಾಕಿಸ್ತಾರೆ.

ದೊಡ್ಡ ಆ್ಯಪ್‌ಗಳು ನೀವು ಹಾಕಿದ ಫೋಟೋನ ತಾವೇ ಕುಗ್ಗಿಸಿ ಬೇರೆಯವರಿಗೆ ಕೊಡ್ತವೆ. ಆದರೆ ನಮ್ಮಂಥ ಚಿಕ್ಕ ನ್ಯೂಸ್ ವೆಬ್‌ಸೈಟ್‌ಗಳಲ್ಲಿ ಅದು ತಾನಾಗೇ ಆಗಲ್ಲ. ಒಪ್ಕೋತೀನಿ, ಮೊನ್ನೆ ಮೊನ್ನೆವರೆಗೂ ಕ್ಯಾಮೆರಾದಿಂದ ಬಂದ ಫೋಟೋನ ನಾನು ಹಾಗಾಗೇ ಹಾಕ್ತಿದ್ದೆ. ಅಕ್ಕನ ಅಂಗಡೀಲಿ ಸುತ್ತುತ್ತಾ ಇದ್ದಿದ್ದು ಅದೇ.

ಕುಗ್ಗಿಸೋದ್ರಲ್ಲೂ ಒಂದು ತೊಂದರೆ ಇದೆ. ಜೆಪೆಗ್ ಅನ್ನೋ ವಿಧಾನ ಮುಖ, ಗಿಡ, ಆಕಾಶಕ್ಕೆ ಹೇಳಿ ಮಾಡಿಸಿದ್ದು. ಅಕ್ಷರದ ಚೂಪು ಅಂಚು ಅದರಲ್ಲಿ ಕಲೆಸಿ ಹೋಗುತ್ತೆ. ಇಂಗ್ಲಿಷ್ ಹೇಗೋ ಓದಬಹುದು. ನಮ್ಮ ಒತ್ತಕ್ಷರ ಮಸಿ ಮೆತ್ತಿದಂಗೆ ಆಗುತ್ತೆ. ಇನ್ವಿಟೇಶನ್ ಫೋಟೋ ಹತ್ತು ಗ್ರೂಪ್ ಸುತ್ತಿ ಬಂದ ಮೇಲೆ ಮುಹೂರ್ತದ ಟೈಮೇ ಓದೋಕಾಗದೆ ಫೋನ್ ಮಾಡಿ ಕೇಳಿರ್ತೀರಲ್ಲ, ಅದೇ ಇದು.

ಅಕ್ಷರವಾಗೇ ಬರೆದರೆ ಎಷ್ಟಾಗುತ್ತೆ? ಕಂಪ್ಯೂಟರಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು. 'ಕನ್ನಡ' ಅನ್ನೋ ಪದದಲ್ಲಿ ಕ, ನ, ಅರ್ಧ ಮಾಡೋ ಗುರುತು, ಮತ್ತೊಂದು ನ, ಡ ಅಂತ ಐದು ಚಿಹ್ನೆ. ಒಟ್ಟು 15 ಬೈಟ್. 400 ಚಿಹ್ನೆಯ ಒಂದು ಪೋಸ್ಟು 1,200 ಬೈಟ್, ಅಂದರೆ 1 ಕೆಬಿಗಿಂತ ಸ್ವಲ್ಪ ಜಾಸ್ತಿ. ಅದೇ ವಿಷಯ ಫೋಟೋ ಕಾರ್ಡಲ್ಲಿ 100 ಕೆಬಿ. ಎಂಬತ್ತು ಪಟ್ಟು ಭಾರ. ಹೊತ್ತು ತಂದ ಮಾಲು ಮಾತ್ರ ಅಷ್ಟೇ.

ಆಫ್ರಿಕಾದಲ್ಲಿ 40 ನಿಮಿಷಕ್ಕೆ ಡೇಟಾ ಖಾಲಿ

ಈ ತೊಂದರೆ ಕಂಪನಿಯವರಿಗೆ ಗೊತ್ತಾಗಿದ್ದು ಹೇಗೆ ಅನ್ನೋದೇ ಒಂದು ಕತೆ. 2013ರಲ್ಲಿ ಫೇಸ್‌ಬುಕ್‌ನ ಒಂದು ತಂಡ ಆಫ್ರಿಕಾಕ್ಕೆ ಹೋಯ್ತು. ಅಲ್ಲಿ ಜನ ಬಳಸೋ ಆಂಡ್ರಾಯ್ಡ್ ಫೋನ್‌ಗಳನ್ನ ಕೊಂಡು ತಮ್ಮದೇ ಆ್ಯಪ್ ಹಾಕಿ ನೋಡಿದರು. ನೆಟ್‌ವರ್ಕ್ ಬಂದು ಹೋಗಿ ಮಾಡ್ತಿತ್ತು, ಫೋನಲ್ಲಿ ಜಾಗ ಇಲ್ಲ, ಆ್ಯಪ್ ಪದೇ ಪದೇ ಕ್ರ್ಯಾಶ್. ಇಡೀ ತಿಂಗಳ ಡೇಟಾ ಪ್ಯಾಕ್ 40 ನಿಮಿಷದಲ್ಲಿ ಖಾಲಿ ಆಯ್ತು ಅಂತ 2014ರಲ್ಲಿ ಅವರೇ ಬರ್ಕೊಂಡಿದ್ದಾರೆ. ವಿಡಿಯೋ ಬಿಟ್ಟು ಲೆಕ್ಕ ಹಾಕಿದರೆ ಆ್ಯಪ್ ತಿನ್ನೋ ಡೇಟಾದಲ್ಲಿ ಹತ್ತಿರತ್ತಿರ ನೂರಕ್ಕೆ 85 ಪಾಲು ಫೋಟೋಗಳದ್ದೇ. ಆಮೇಲೆ ವೆಬ್‌ಪಿ ಅನ್ನೋ ಹಗುರ ಫೋಟೋ ವಿಧಾನಕ್ಕೆ ಬದಲಾದರು, ಸ್ಕ್ರೀನಿಗೆ ತಕ್ಕ ಅಳತೆ ಮಾತ್ರ ಕಳಿಸೋಕೆ ಶುರು ಮಾಡಿದರು. ಡೇಟಾ ಖರ್ಚು ಅರ್ಧಕ್ಕೆ ಇಳೀತು.

2015ರ ಜೂನ್‌ನಲ್ಲಿ ಫೇಸ್‌ಬುಕ್ ಲೈಟ್ ಬಂತು. ಆಗ ಅದರ ಸೈಜು 1 ಎಂಬಿಗಿಂತ ಕಮ್ಮಿ. ಅದರ ಗುಟ್ಟು ಏನಂದ್ರೆ ಭಾರದ ಕೆಲಸವೆಲ್ಲ ಸರ್ವರ್‌ನಲ್ಲೇ ಆಗುತ್ತೆ. ಯಾವ ಪೋಸ್ಟು ಎಲ್ಲಿ ಕೂರಬೇಕು, ಬಟನ್ ಎಲ್ಲಿ ಇರಬೇಕು ಅನ್ನೋದನ್ನ ಅಲ್ಲೇ ತಯಾರು ಮಾಡಿ ಕಳಿಸ್ತಾರೆ, ಫೋನು ಬರೀ ತೋರಿಸುತ್ತೆ. ಮನೇಲಿ ಅಡುಗೆ ಮಾಡೋ ಬದಲು ಕ್ಯಾರಿಯರ್ ತರಿಸಿ ಬಡಿಸಿದಂಗೆ. ಸ್ನಾಪ್‌ಟು ಅನ್ನೋ ಇಸ್ರೇಲಿನ ಕಂಪನಿ ಇದೇ ಉಪಾಯ ಮಾಡಿತ್ತು, ಫೇಸ್‌ಬುಕ್ ಅದನ್ನ 2011ರಲ್ಲೇ ಕೊಂಡಿತ್ತು. ಒಂಬತ್ತು ತಿಂಗಳಲ್ಲಿ ಲೈಟ್‌ಗೆ 10 ಕೋಟಿ ಬಳಕೆದಾರರು ಬಂದರು.

ಅದೇ 2015ರ ಅಕ್ಟೋಬರ್‌ನಲ್ಲಿ ಇನ್ನೊಂದು ಕೆಲಸ ಮಾಡಿದರು. ಪ್ರತಿ ಮಂಗಳವಾರ ಅವರ ನೌಕರರು ಬೇಕಂದ್ರೆ ಒಂದು ಗಂಟೆ 2ಜಿ ವೇಗದಲ್ಲಿ ತಮ್ಮದೇ ಆ್ಯಪ್ ಬಳಸಿ ನೋಡಬಹುದು ಅಂತ. ಕ್ಯಾಲಿಫೋರ್ನಿಯಾದಲ್ಲಿ ಕೂತು ನಮ್ಮೂರ ಹೊಲದ ಬದುವಿನ ಸಿಗ್ನಲ್ ಅನುಭವಿಸೋದು! ನಮ್ಮ ಕಡೆ ಸರ್ಕಾರಿ ಆ್ಯಪ್ ಮಾಡೋರಿಗೂ ವಾರಕ್ಕೊಂದು ಗಂಟೆ ಹೀಗೆ ಕೂರಿಸಬೇಕು ಅನ್ನೋದು ನನ್ನ ಸ್ವಂತ ಅಭಿಪ್ರಾಯ.

ಇದರಿಂದ ಏನೇನು ಬದಲಾಯ್ತು? ನೆಟ್ ನಿಧಾನ ಇದ್ರೆ ನೀವು ಈಗ ನೋಡ್ತಾ ಇರೋ ಪೋಸ್ಟನ್ನೇ ಮೊದಲು ಇಳಿಸೋದು, ಕೆಳಗಿನದು ಆಮೇಲೆ. ಹೊಸದು ಬರಲೇ ಇಲ್ಲ ಅಂದರೆ ಮೊದಲೇ ಇಳಿದು ಕೂತಿರೋದನ್ನ ತೋರಿಸೋದು, ಖಾಲಿ ಬಿಳಿ ಸ್ಕ್ರೀನ್ ಅಲ್ಲ. ಫೋಟೋ ಮೇಲಿಂದ ಕೆಳಗೆ ಪಟ್ಟಿ ಪಟ್ಟಿಯಾಗಿ ಬರೋ ಬದಲು ಮೊದಲು ಇಡೀ ಫೋಟೋ ಮಂಜುಮಂಜಾಗಿ ಬಂದು ಆಮೇಲೆ ಸ್ಪಷ್ಟ ಆಗೋದು. ಇದರಲ್ಲಿ ನಂಗೆ ತುಂಬಾ ಇಷ್ಟ ಆಗಿದ್ದು 200 ಬೈಟ್ ಕತೆ. ಕವರ್ ಫೋಟೋನ 42 ಚುಕ್ಕಿಯಷ್ಟು ಚಿಕ್ಕದು ಮಾಡಿ, ಎಲ್ಲಾ ಜೆಪೆಗ್ ಫೈಲಿನ ತಲೆಯಲ್ಲೂ ಇರೋ ಒಂದೇ ಥರದ ಮಾಹಿತಿನ ಕಿತ್ತು ಆ್ಯಪ್ ಒಳಗೇ ಇಟ್ಟುಬಿಟ್ಟರು. ಉಳಿದಿದ್ದು ಸುಮಾರು 200 ಬೈಟ್, ಅಂದರೆ ಕನ್ನಡದ ಒಂದು ಸಾಲಿನಷ್ಟು. ಅದು ಅಕ್ಷರದ ಜೊತೆಗೇ ಬಂದುಬಿಡುತ್ತೆ. ಫೋನು ಅದನ್ನ ಎಳೆದು ದೊಡ್ಡದು ಮಾಡಿ ಮಸುಕಾಗಿ ತೋರಿಸುತ್ತೆ, ಅಷ್ಟರಲ್ಲಿ ಅಸಲಿ ಫೋಟೋ ಬಂದಿರುತ್ತೆ.

ಫೀಡ್ ತಳ್ಳೋವಾಗ ಗಕ್ ಗಕ್ ಅಂತ ನಿಲ್ಲೋದು ಬೇರೆ ರೋಗ. ನೆಟ್ ಚೆನ್ನಾಗಿದ್ರೂ ಇದು ಬರುತ್ತೆ. ಸಾಮಾನ್ಯ ಫೋನ್ ಸ್ಕ್ರೀನು ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತೆ. ಒಂದೊಂದಕ್ಕೆ ಸಿಗೋ ಟೈಮು 16 ಮಿಲಿಸೆಕೆಂಡು ಚಿಲ್ಲರೆ. ಅಷ್ಟರಲ್ಲಿ ಕೆಲಸ ಮುಗೀದಿದ್ರೆ ಆ ಒಂದು ಚಿತ್ರ ತಪ್ಪುತ್ತೆ, ಕಣ್ಣಿಗೆ ಎಡವಿದಂಗೆ ಕಾಣುತ್ತೆ. ಐನೂರು ಪೋಸ್ಟಿಗೆ ಐನೂರು ಡಬ್ಬಿ ಮಾಡ್ತಾ ಕೂತ್ರೆ ಯಾವ ಫೋನೂ ತಡೆಯಲ್ಲ. ಅದಕ್ಕೆ ಮದುವೆ ಊಟದ ಪಂಕ್ತಿ ಲೆಕ್ಕ. ಐನೂರು ಜನಕ್ಕೆ ಐನೂರು ಕುರ್ಚಿ ಹಾಕ್ತಾರಾ? ಐವತ್ತೋ ನೂರೋ ಹಾಕಿ, ಎದ್ದವರ ಜಾಗ ಒರೆಸಿ, ಹೊಸ ಎಲೆ ಹಾಕಿ ಮುಂದಿನವರನ್ನ ಕೂರಿಸ್ತಾರೆ. ಫೀಡಲ್ಲೂ ಹಾಗೇ, ಸ್ಕ್ರೀನಿಂದ ಮೇಲಕ್ಕೆ ಹೋದ ಡಬ್ಬಿಯನ್ನೇ ಒರೆಸಿ ಕೆಳಗಿಂದ ಹೊಸ ಪೋಸ್ಟ್ ತುಂಬ್ತಾರೆ. ಆಂಡ್ರಾಯ್ಡ್‌ನಲ್ಲಿ ಇದಕ್ಕೆ ರಿಸೈಕ್ಲರ್‌ವ್ಯೂ ಅಂತಾನೇ ಹೆಸರು. ಕೆಲವು ಸಲ ಒರೆಸೋದು ಮರೆತು, ಒಬ್ಬರ ಹೆಸರಿನ ಮೇಲೆ ಇನ್ನೊಬ್ಬರ ಫೋಟೋ ಒಂದು ಕ್ಷಣ ಕಾಣಿಸೋದೂ ಉಂಟು.

ಇನ್ನೊಂದು, ಓದ್ತಾ ಇರುವಾಗ ಅಕ್ಷರ ಧಡಕ್ಕನೆ ಕೆಳಗೆ ಜಿಗಿದು, ಲೈಕ್ ಒತ್ತೋಕೆ ಹೋದ್ರೆ ಜಾಹೀರಾತು ಒತ್ತಿ ಹೋಗೋದು. ಫೋಟೋ ತಡವಾಗಿ ಬಂದು ಜಾಗ ಮಾಡ್ಕೊಳ್ಳೋದ್ರಿಂದ ಹೀಗಾಗುತ್ತೆ. ಪರಿಹಾರ ನಮಗೆಲ್ಲ ಗೊತ್ತಿರೋದೇ, ಬಸ್ ಕಿಟಕಿಯಿಂದ ಟವಲ್ ಹಾಕಿ ಸೀಟ್ ಹಿಡಿಯೋದು. ಫೋಟೋದ ಉದ್ದ ಅಗಲ ಎಷ್ಟು ಅಂತ ಸರ್ವರ್ ಮೊದಲೇ ಹೇಳಿದ್ರೆ ಆ್ಯಪ್ ಅಷ್ಟು ಜಾಗ ಬಿಟ್ಟು ಕಾಯುತ್ತೆ.

ಕಣ್ಣು ಕಾಣದವರು ಫೀಡ್ ನೋಡೋದು ಹೇಗೆ?

ಈಗ ಬಸ್ ಸ್ಟ್ಯಾಂಡ್ ಅಣ್ಣನ ವಿಷಯಕ್ಕೆ ಬರೋಣ. ಆಂಡ್ರಾಯ್ಡ್ ಫೋನಲ್ಲಿ ಟಾಕ್‌ಬ್ಯಾಕ್ ಅಂತ ಇದೆ. ಸೆಟ್ಟಿಂಗ್ಸ್ ಒಳಗೆ ಆಕ್ಸೆಸಿಬಿಲಿಟಿಗೆ ಹೋದ್ರೆ ಸಿಗುತ್ತೆ, ದುಡ್ಡೇನೂ ಇಲ್ಲ. ಬೆರಳು ಇಟ್ಟ ಕಡೆ ಏನಿದೆ ಅಂತ ಜೋರಾಗಿ ಓದುತ್ತೆ. ಬಲಕ್ಕೆ ಸವರಿದ್ರೆ ಮುಂದಿನದು, ಎರಡು ಸಲ ತಟ್ಟಿದ್ರೆ ತೆರೆಯುತ್ತೆ. ಕನ್ನಡದಲ್ಲೂ ಓದುತ್ತೆ. ಅಣ್ಣ ಅದನ್ನ ಇಟ್ಟಿರೋ ವೇಗ ಎಷ್ಟಂದ್ರೆ ನಂಗೆ ಒಂದಕ್ಷರ ಅರ್ಥ ಆಗಲಿಲ್ಲ. "ಅಭ್ಯಾಸ ಆಗುತ್ತೆ ಬಿಡು" ಅಂದರು.

ಟಾಕ್‌ಬ್ಯಾಕ್ ಅಕ್ಷರವಾಗಿ ಇರೋದನ್ನ ಓದುತ್ತೆ. ಬರೀ ಚಿತ್ರದ ಬಟನ್‌ಗೆ ಆ್ಯಪ್ ಮಾಡಿದವರು ಹೆಸರು ಕೊಡದೇ ಇದ್ರೆ "ಲೇಬಲ್ ಇಲ್ಲದ ಬಟನ್" ಅಂತ ಹೇಳಿ ಸುಮ್ಮನಾಗುತ್ತೆ. ಅದು ಲೈಕೋ, ಡಿಲೀಟೋ ಒತ್ತಿದ ಮೇಲೇ ಗೊತ್ತಾಗೋದು. ಫೋಟೋ ಬಂದರೆ ಎಷ್ಟೋ ಸಲ "ಫೋಟೋ" ಅನ್ನುತ್ತೆ, ಅಷ್ಟೇ.

ಫೇಸ್‌ಬುಕ್‌ನಲ್ಲಿ ಮ್ಯಾಟ್ ಕಿಂಗ್ ಅನ್ನೋ ಎಂಜಿನಿಯರ್ ಇದ್ದರು, ಅವರಿಗೂ ಕಣ್ಣು ಕಾಣಲ್ಲ. ಐಬಿಎಂನಿಂದ 2015ರಲ್ಲಿ ಅಲ್ಲಿಗೆ ಹೋದವರು. ಅವರೂ ಇದ್ದ ತಂಡ 2016ರ ಏಪ್ರಿಲ್‌ನಲ್ಲಿ ಒಂದು ವ್ಯವಸ್ಥೆ ತಂತು. ಕಂಪ್ಯೂಟರೇ ಫೋಟೋ ನೋಡಿ "ಈ ಚಿತ್ರದಲ್ಲಿ ಮೂರು ಜನ, ನಗುತ್ತಿದ್ದಾರೆ, ಹೊರಾಂಗಣ ಇರಬಹುದು" ಅನ್ನೋ ಥರ ಹೇಳೋದು. ಶುರುವಿನಲ್ಲಿ ಸುಮಾರು 100 ಬಗೆಯ ವಸ್ತು ಗುರುತಿಸ್ತಿತ್ತು, 2021ರ ಹೊತ್ತಿಗೆ 1,200 ದಾಟಿತು. ಇರಬಹುದು ಅನ್ನೋ ಪದ ಬೇಕಂತಲೇ ಇಟ್ಟಿದ್ದು. ತಪ್ಪು ಹೇಳಿದ್ರೆ ಕಾಣದವರು ಅದನ್ನೇ ನಂಬ್ತಾರಲ್ಲ. ಅದೇ ಕಾರಣಕ್ಕೆ ನೂರಕ್ಕೆ 80ಕ್ಕಿಂತ ಜಾಸ್ತಿ ಖಾತ್ರಿ ಇದ್ರೆ ಮಾತ್ರ ಹೇಳಬೇಕು ಅಂತ ನಿಯಮ ಮಾಡ್ಕೊಂಡಿದ್ರು.

ಆದರೆ ನನ್ನ ಕೊಬ್ಬರಿ ಕಾರ್ಡಿಗೆ ಇದ್ಯಾವುದೂ ನೆರವಾಗಲಿಲ್ಲ. ನಾನೇ ಟಾಕ್‌ಬ್ಯಾಕ್ ಹಾಕಿ ಕೇಳಿದೆ. ಚಿತ್ರದಲ್ಲಿ ಅಕ್ಷರ ಇರಬಹುದು ಅಂತ ಹೇಳ್ತು. ರೇಟು ಎಷ್ಟು ಅಂತ ಹೇಳಲಿಲ್ಲ.

ಡಿಟಿಪಿ ಅಂಗಡಿಯವರಿಗೆ ಒಂದು ಮಾತು. ಹಳೇ ನುಡಿ, ಬರಹ ಆಸ್ಕಿ ಫಾಂಟಲ್ಲಿ ಟೈಪ್ ಮಾಡಿದ್ದನ್ನ ಕಾಪಿ ಮಾಡಿ ಫೇಸ್‌ಬುಕ್‌ಗೆ ಹಾಕಿದ್ರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತೆ. ಕಣ್ಣಿದ್ದವರಿಗೂ ಓದೋಕಾಗಲ್ಲ, ಟಾಕ್‌ಬ್ಯಾಕ್‌ಗೂ ಆಗಲ್ಲ. ಅದಕ್ಕೇ ತುಂಬಾ ಜನ ಸ್ಕ್ರೀನ್‌ಶಾಟ್ ಹೊಡೆದು ಫೋಟೋ ಮಾಡಿ ಹಾಕೋದು. ನುಡಿ ಜೊತೆಗೇ ಯುನಿಕೋಡ್‌ಗೆ ಬದಲಿಸೋ ಕನ್ವರ್ಟರ್ ಬರುತ್ತೆ. ಅರ್ಧ ನಿಮಿಷದ ಕೆಲಸ. ಹಾಗೇ ಸಾಲಿಗೆ ಹತ್ತು ಕೈಮುಗಿಯೋ ಎಮೋಜಿ ಹಾಕೋರು ಒಂದು ಸಲ ಟಾಕ್‌ಬ್ಯಾಕ್‌ನಲ್ಲಿ ಕೇಳಿಸ್ಕೊಳ್ಳಿ, ಮತ್ತೆ ಹಾಕಲ್ಲ.

ಇದು ಪೂರ್ತಿ ಕಣ್ಣು ಕಾಣದವರ ವಿಷಯ ಮಾತ್ರ ಅನ್ಕೋಬೇಡಿ. ದೇಶದಲ್ಲಿ ದೃಷ್ಟಿದೋಷ ಇರೋರು 2011ರ ಜನಗಣತಿಯಲ್ಲೇ 50 ಲಕ್ಷದ ಮೇಲಿದ್ದರು. ಅದರಾಚೆ ನಲವತ್ತು ದಾಟಿ ಚಾಳೀಸು ಬಂದವರೆಲ್ಲ ಇದ್ದಾರೆ. ನಮ್ಮಪ್ಪ ಫೋನಿನ ಅಕ್ಷರ ದೊಡ್ಡದು ಮಾಡ್ಕೊಂಡಿದ್ದಾರೆ. ಕೆಲವು ಆ್ಯಪಲ್ಲಿ ಹಾಗೆ ಮಾಡಿದ ತಕ್ಷಣ ಬಟನ್ ಮೇಲಿನ ಪದ ಅರ್ಧ ಕತ್ತರಿಸಿ ಹೋಗುತ್ತೆ. ಕನ್ನಡಕ್ಕೆ ಇನ್ನೂ ಕಷ್ಟ. ಸಾಲಿನ ಎತ್ತರವನ್ನ ಇಂಗ್ಲಿಷ್ ಅಳತೆಗೆ ಇಟ್ಟಿರ್ತಾರೆ. 'ರಾಷ್ಟ್ರ', 'ಸ್ತ್ರೀ' ಅಂಥ ಪದದ ಕೆಳಗಿನ ಒತ್ತು ಮಾಯ. ಹೀಗಾಗಿ ಓದೋಕೆ ಏನೋ ಬೇರೆಯೇ ಪದ ಆಗಿರುತ್ತೆ.

ಬಣ್ಣದ ವಿಷಯಕ್ಕೂ ಅಂತಾರಾಷ್ಟ್ರೀಯ ಅಳತೆ ಇದೆ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕು, ದಪ್ಪ ದೊಡ್ಡ ಅಕ್ಷರಕ್ಕೆ 3 ಸಾಕು. ಕರ್ನಾಟಕದವರು ನಾವು, ಎಲ್ಲದಕ್ಕೂ ಕೆಂಪು ಹಳದಿ ಹಾಕ್ತೀವಿ. ಅಚ್ಚ ಕೆಂಪಿನ ಮೇಲೆ ಅಚ್ಚ ಹಳದಿ ಲೆಕ್ಕ ಹಾಕಿದ್ರೆ 3.7 ಬರುತ್ತೆ. ಅಂದರೆ ಅಂಗಡಿ ಹೆಸರಿಗೆ ಪರವಾಗಿಲ್ಲ, ಕೆಳಗೆ ಚಿಕ್ಕದಾಗಿ ಹಾಕೋ ಫೋನ್ ನಂಬರ್‌ಗೆ ಸಾಲಲ್ಲ. ಮಧ್ಯಾಹ್ನ ಬಿಸಿಲಲ್ಲಿ ನಿಂತು ಓದಿ ನೋಡಿ, ಗೊತ್ತಾಗುತ್ತೆ. ಬಿಳಿ ಮೇಲೆ ಹಳದಿಯಂತೂ 1.1ನ್ನೂ ದಾಟಲ್ಲ. ಬಟನ್ ಕೂಡ ಸುಮಾರು 9 ಮಿಲಿಮೀಟರ್ ಇರಬೇಕು ಅಂತ ಆಂಡ್ರಾಯ್ಡ್ ಹೇಳುತ್ತೆ. ಗಾರೆ ಕೆಲಸ ಮಾಡೋರ ಬೆರಳಿಗೆ, ಕೈ ನಡುಗೋ ವಯಸ್ಸಾದವರಿಗೆ ಅದಕ್ಕಿಂತ ಚಿಕ್ಕದು ಸಿಗಲ್ಲ.

ಕಾನೂನೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ಮಾಹಿತಿ ಎಲ್ಲರಿಗೂ ಸಿಗೋ ರೂಪದಲ್ಲಿ ಇರಬೇಕು ಅನ್ನುತ್ತೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೌಲಭ್ಯ ಸಿಗೋದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ ಹೇಳಿದೆ. ಇಷ್ಟಾದ್ರೂ ನೀರು ಬರಲ್ಲ, ಕರೆಂಟ್ ಇರಲ್ಲ ಅನ್ನೋ ನೋಟಿಸ್‌ಗಳು ಸೀಲು ಸಹಿ ಹಾಕಿದ ಕಾಗದದ ಫೋಟೋ ಆಗೇ ಗ್ರೂಪಿಗೆ ಬೀಳ್ತಿವೆ, ಅದೂ ಅಡ್ಡಡ್ಡ ತೆಗೆದಿದ್ದು.

ಅಂಗಡಿಯವರು ಇವತ್ತೇ ಏನು ಮಾಡಬಹುದು?

ಆಫರ್ ಫೋಟೋ ಹಾಕಿ, ಬೇಡ ಅನ್ನಲ್ಲ. ಫೋಟೋ ಮೇಲೆ ಇರೋದನ್ನೇ ಕೆಳಗೆ ಕ್ಯಾಪ್ಶನ್‌ನಲ್ಲೂ ಟೈಪ್ ಮಾಡಿ. ಏನು ಸಾಮಾನು, ಎಷ್ಟು ರೇಟು, ಎಲ್ಲಿವರೆಗೆ, ಫೋನ್ ನಂಬರ್. ಟೈಪ್ ಮಾಡೋಕೆ ಬೇಜಾರಾದ್ರೆ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಹೇಳಿ, ಅದೇ ಬರ್ಕೊಳ್ಳುತ್ತೆ. ಇದರಲ್ಲಿ ನಿಮಗೂ ಲಾಭ ಇದೆ. ಫೋಟೋ ಒಳಗಿನ ಕನ್ನಡ ಹುಡುಕಿದ್ರೆ ಸಿಗೋದು ನೆಚ್ಚೋ ಹಂಗಿಲ್ಲ, ಟೈಪ್ ಮಾಡಿದ್ದು ಸಿಗುತ್ತೆ. ಗ್ರೂಪಲ್ಲಿ ಯಾರೋ 'ಸಿಮೆಂಟ್' ಅಂತ ಹುಡುಕಿದಾಗ ನಿಮ್ಮ ಪೋಸ್ಟ್ ಮೇಲೆ ಬರೋದು ಆಗಲೇ.

ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಫೋಟೋಗೆ ಆಲ್ಟ್ ಟೆಕ್ಸ್ಟ್ ಬರೆಯೋ ಜಾಗ ಬೇರೆಯೇ ಇದೆ. ಅದು ಕಣ್ಣಿಗೆ ಕಾಣಲ್ಲ, ಟಾಕ್‌ಬ್ಯಾಕ್ ಓದುತ್ತೆ. "ಹೊಸ ಸೀರೆ" ಅಂತಲ್ಲ, "ಹಸಿರು ಇಳಕಲ್ ಸೀರೆ, ಕೆಂಪು ಸೆರಗು" ಅಂತ ಬರೀರಿ. ವಿಡಿಯೋದಲ್ಲಿ ಬರೀ ಹಾಡು ಹಾಕಿ ರೇಟು ತೋರಿಸಿದ್ರೆ ಕಾಣದವರಿಗೆ ಹಾಡು ಮಾತ್ರ ಕೇಳುತ್ತೆ. ಬರೀ ಮಾತಾಡಿದ್ರೆ ಕಿವಿ ಕೇಳದವರಿಗೆ ನಿಮ್ಮ ಬಾಯಿ ಆಡೋದು ಮಾತ್ರ ಕಾಣುತ್ತೆ. ಬಾಯಲ್ಲೂ ಹೇಳಿ, ಅಕ್ಷರದಲ್ಲೂ ಹಾಕಿ.

ಹಳೇ ಫೋನ್ ಇರೋರು ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ವಿಡಿಯೋ ಆಟೋಪ್ಲೇ ಆಫ್ ಮಾಡಿ, ಡೇಟಾ ಸೇವರ್ ಆನ್ ಮಾಡಿ. ಲೈಟ್ ಆ್ಯಪ್ ಹಾಕ್ಕೊಳ್ಳಿ. ಕಿರಾಣಿ ಅಕ್ಕನಿಗೆ ಅದನ್ನೇ ಮಾಡಿಕೊಟ್ಟೆ.

ಟಾಕ್‌ಬ್ಯಾಕ್ ಪರೀಕ್ಷೆ ಮಾಡೋರಿಗೆ ಎಚ್ಚರಿಕೆ: ಆನ್ ಮಾಡೋ ಮುಂಚೆ ಅದೇ ಪುಟದಲ್ಲಿ ಶಾರ್ಟ್‌ಕಟ್ ಆನ್ ಮಾಡಿಟ್ಕೊಳ್ಳಿ. ಎರಡೂ ವಾಲ್ಯೂಮ್ ಬಟನ್ ಮೂರು ಸೆಕೆಂಡ್ ಒತ್ತಿ ಹಿಡಿದ್ರೆ ಆಫ್ ಆಗುತ್ತೆ. ನಾನು ಮಾಡಿರಲಿಲ್ಲ. ಒಂದು ಸಲ ತಟ್ಟಿದ್ರೆ ಏನೂ ತೆರೀತಾ ಇರಲಿಲ್ಲ, ಫೋನ್ ಕೆಟ್ಟೇ ಹೋಯ್ತು ಅಂತ ಅರ್ಧ ಗಂಟೆ ಒದ್ದಾಡಿದೆ.

ಈಗ ಎರಡು ವಾರದಿಂದ ಕೊಬ್ಬರಿ ರೇಟನ್ನ ಅಕ್ಷರದಲ್ಲೇ ಹಾಕ್ತಿದೀನಿ. ಕಾರ್ಡ್ ಬೇಕು ಅನ್ನೋರಿಗೆ ಕೆಳಗೆ ಅದೂ ಇದೆ, 60 ಕೆಬಿಗೆ ಇಳಿಸಿದ್ದು. ಮೊನ್ನೆ ಬೆಳಿಗ್ಗೆ ಪೋಸ್ಟ್ ಹಾಕಿ ಐದು ನಿಮಿಷ ಆಗಿರಲಿಲ್ಲ, ಬಸ್ ಸ್ಟ್ಯಾಂಡ್ ಅಣ್ಣನ ಫೋನ್ ಬಂತು. ಥ್ಯಾಂಕ್ಸ್ ಹೇಳೋಕೆ ಮಾಡಿದ್ರು ಅನ್ಕೊಂಡೆ.

"ಲೋ, ನಿನ್ನೆ ರೇಟೇ ಇವತ್ತೂ ಹಾಕಿದೀಯಲ್ಲೋ. ತಾರೀಖು ಮಾತ್ರ ಬದಲಾಯಿಸಿದೀಯ" ಅಂದರು. ನೋಡಿದೆ, ನಿಜ.